ಎರಡು ಮಾತು, ಮೂರು ಪಟ್ಟಿ

ಸೇಲಂ ಜಿಲ್ಲೆಯ ನಂಗವಳ್ಳಿಗೆ ಮೆಟ್ಟೂರು ಜಲಾಶಯ ದೂರವಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದವರಿಗೆ ಅಲ್ಲಿ ಕಾವೇರಿಯ ಸುದ್ದಿ ಎರಡು ಬಗೆಯಾಗಿ ಕೇಳಿಸುತ್ತದೆ. ಒಂದು ಭಾಷೆಯಲ್ಲಿ ನೀರು ಬಿಟ್ಟಾಗಿದೆ. ಇನ್ನೊಂದರಲ್ಲಿ ಬಂದೇ ಇಲ್ಲ. ಎರಡನ್ನೂ ಬಲ್ಲವನಿಗೆ ಯಾವುದನ್ನು ನಂಬಬೇಕೆಂಬುದೇ ತಿಳಿಯದು.

ಈ ಇಕ್ಕಟ್ಟನ್ನು 1982ರಲ್ಲಿ ಲೆಸ್ಲಿ ಲ್ಯಾಂಪೋರ್ಟ್, ರಾಬರ್ಟ್ ಶೋಸ್ಟಾಕ್, ಮಾರ್ಷಲ್ ಪೀಸ್ ಎಂಬ ಮೂವರು ಬೈಜಾಂಟಿಯಂ ಸೇನಾನಿಗಳ ಕಥೆಯಾಗಿ ಮಂಡಿಸಿದರು. ಸೇನಾಪತಿಯೊಬ್ಬ, ದಳಪತಿಗಳಿಬ್ಬರು; ಮೂವರಲ್ಲಿ ಒಬ್ಬ ದ್ರೋಹಿ. ಮೊದಲ ದಳಪತಿಗೆ ‘ನುಗ್ಗು’ ಎಂಬ ಆಜ್ಞೆ ಬಂದಿದೆ. ಎರಡನೆಯವನು ‘ನನಗೆ ಹಿಂದೆಗೆ ಎಂದಿದ್ದಾನೆ’ ಎನ್ನುತ್ತಾನೆ. ಸೇನಾಪತಿ ಎರಡು ನಾಲಿಗೆಯವನೋ, ಗೆಳೆಯನೇ ತಿರುಚಿದನೋ? ಬರಿಯ ಮಾತಿನಿಂದ ಮೂವರೊಳಗೆ ಇದು ಬಗೆಹರಿಯದು. ಒಬ್ಬ ದ್ರೋಹಿಯಿದ್ದಲ್ಲಿ ಒಟ್ಟು ನಾಲ್ವರಾದರೂ ಬೇಕು. ಡಿಜಿಟಲ್ ಸಹಿಯಿದ್ದರೆ ಮೂವರೇ ಸಾಕೆಂಬುದು ನಿಜ. ಆದರೆ ಬಳಕೆಯಲ್ಲಿರುವ ಸಹಿಗಳು ಕಠಿಣ ಲೆಕ್ಕವೊಂದನ್ನು ಯಾರೂ ಬಿಡಿಸಲಾರರೆಂಬ ನಂಬಿಕೆಯ ಮೇಲೆ ನಿಂತಿವೆ.

2001ರಲ್ಲಿ ಫಿಟ್ಸಿ, ಜಿಸಾಂ, ಮೌರರ್ ಬೇರೊಂದು ದಾರಿ ತೋರಿದರು. ಕ್ವಾಂಟಂ ನಿಯಮದಂತೆ ಒಂದಕ್ಕೊಂದು ಹೆಣೆದುಕೊಂಡ ಮೂರು ಕಣಗಳನ್ನು ಮೂವರಿಗೂ ಹಂಚಬೇಕು. ಅಳೆದಾಗ ಒಬ್ಬನಿಗೆ 0, ಒಬ್ಬನಿಗೆ 1, ಒಬ್ಬನಿಗೆ 2. ಯಾರಿಗೆ ಯಾವುದೆಂದು ಮುಂಚೆ ಹೇಳಲಾಗದು. ಮೂರೂ ಬೇರೆಬೇರೆ ಎಂಬುದು ಮಾತ್ರ ತಪ್ಪದು. ಹೀಗೆ ಮತ್ತೆ ಮತ್ತೆ ಅಳೆದು ಪ್ರತಿಯೊಬ್ಬನೂ ತನ್ನ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಾನೆ.

‘ನುಗ್ಗು’ ಎಂದರೆ 0, ‘ಹಿಂದೆಗೆ’ ಎಂದರೆ 1 ಎಂದಿರಲಿ. ಆಜ್ಞೆಯ ಜೊತೆಗೆ ಸೇನಾಪತಿ ತನ್ನ ಪಟ್ಟಿಯಲ್ಲಿ ಆ ಅಂಕಿ ಬಿದ್ದ ಕ್ರಮಸಂಖ್ಯೆಗಳನ್ನೂ ಕಳುಹಿಸಬೇಕು. ‘ಹಿಂದೆಗೆ’ ಎಂದು ಸುಳ್ಳಾಡುವ ದಳಪತಿ, ಸೇನಾಪತಿಗೆ 1 ಬಿದ್ದ ಸ್ಥಾನಗಳಲ್ಲಿ ಹಲವನ್ನು ಊಹಿಸಿಯೇ ಹೇಳಬೇಕಾಗುತ್ತದೆ. ತನಗೇ 1 ಬಿದ್ದ ಸ್ಥಾನಗಳನ್ನು ಅವನು ಬಿಟ್ಟಾನು. ತನಗೆ 0 ಬಿದ್ದೆಡೆ ಆ 1 ಸೇನಾಪತಿಯ ಬಳಿ ಇರಬಹುದು, ಕೇಳುತ್ತಿರುವ ಗೆಳೆಯನ ಬಳಿಯೇ ಇರಬಹುದು. ಎರಡಕ್ಕೂ ಸಮಸಂಭವ. ಗೆಳೆಯ ತನ್ನ ಪಟ್ಟಿಯಲ್ಲಿ ಅದನ್ನು ಕಂಡರೆ ಸುಳ್ಳು ಅಲ್ಲಿಗೇ ಬಯಲು. ಇಪ್ಪತ್ತು ಊಹೆಗಳೂ ದಾಟಿಹೋಗುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಕಣಗಳ ಹಂಚಿಕೆಯೇ ಕೆಟ್ಟರೆ ಪ್ರಾಮಾಣಿಕರೆಲ್ಲ ಒಟ್ಟಾಗಿ ಕೈಬಿಡುವ ಅವಕಾಶವೂ ಇದೆ. ಅದೂ ಒಂದು ಒಮ್ಮತವೇ.

ಕಣಗಳು ಯಾರನ್ನೂ ಸತ್ಯವಂತರನ್ನಾಗಿಸಲಿಲ್ಲ. ಮೂವರಲ್ಲಿ ಯಾರೂ ಬರೆಯದ, ಯಾರೂ ತಿದ್ದಲಾಗದ ಬರಹವೊಂದನ್ನು ಮೊದಲೇ ಕೊಟ್ಟವು, ಅಷ್ಟೆ. ಕಾವೇರಿಗೆ ಅಂಥ ಬರಹ ಬಿಳಿಗುಂಡ್ಲುವಿನಲ್ಲಿದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ 177.25 ಟಿಎಂಸಿ ನೀರಿಗೆ ಆ ಗಡಿಯ ಮಾಪನ ಕೇಂದ್ರವೇ ಲೆಕ್ಕ. ಅಲ್ಲಿ ಅಳೆಯುವುದು ಎರಡು ರಾಜ್ಯಗಳಲ್ಲ, ಕೇಂದ್ರ ಜಲ ಆಯೋಗ. ಹಾಗಿದ್ದೂ 2023ರಲ್ಲಿ ಮಳೆ ಕೈಕೊಟ್ಟಾಗ ಜಗಳ ಮತ್ತೆ ಎದ್ದಿತು. ಎಷ್ಟು ಬಂತೆಂಬುದಕ್ಕಲ್ಲ, ಬರಗಾಲದಲ್ಲಿ ಎಷ್ಟು ಬರಬೇಕೆಂಬುದಕ್ಕೆ.