ಅಳಿಲು ಹುಡುಗಿಯೂ ತೆಂಗಿನ ತೋಟವೂ

ಅಳಿಲು ಹುಡುಗಿಯ ಮೇಲಿನ ಮೊದಲ ತಕರಾರು ತೋಟದ ಕಡೆಯದು. ಕಡೂರು ತಾಲ್ಲೂಕಿನ ನಮ್ಮ ಯಗಟಿಯಲ್ಲಿ ತೆಂಗು ಇಟ್ಟವರ ಬಾಯಲ್ಲಿ ಅಳಿಲಿಗೆ ಒಳ್ಳೆಯ ಹೆಸರಿಲ್ಲ. ಎಳೆಕಾಯಿಗೆ ತೂತು ಕೊರೆದು, ತಿಂದಷ್ಟು ತಿಂದು, ಉಳಿದದ್ದನ್ನು ಉದುರಿಸಿ ಹೋಗುವ ಪ್ರಾಣಿ. ರಾಮ ಬೆನ್ನು ಸವರಿ ಮೂರು ಗೆರೆ ಮೂಡಿದ ಕಥೆಯನ್ನು ರಾತ್ರಿ ಮಕ್ಕಳಿಗೆ ಹೇಳಿದವರೇ ಬೆಳಿಗ್ಗೆ ತೋಟದಲ್ಲಿ ಕಲ್ಲು ಹುಡುಕುತ್ತಾರೆ. ಇಂಥ ಊರಿಗೆ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳ ಚೀಲದಲ್ಲಿ ‘ದಿ ಅನ್‌ಬೀಟಬಲ್ ಸ್ಕ್ವಿರಲ್ ಗರ್ಲ್’ ಎಂಬ ಇಂಗ್ಲಿಷ್ ಕಾಮಿಕ್ಸ್. ಯಾರಿಂದಲೂ ಸೋಲಿಸಲಾಗದ ಅಳಿಲು ಹುಡುಗಿಯಂತೆ. ನಮ್ಮ ತೋಟದವರು ಇದನ್ನು ಯಾವಾಗಲೋ ಒಪ್ಪಿಕೊಂಡಾಗಿದೆ.

*

ನಾಯಕಿ ಡೋರೀನ್ ಗ್ರೀನ್. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾಳೆ. ದೊಡ್ಡ ಬಾಲವಿದೆ, ಅದನ್ನು ಪ್ಯಾಂಟಿನೊಳಗೆ ಮಡಚಿ ತುರುಕಿಕೊಂಡು ಕ್ಲಾಸಿಗೆ ಹೋಗುತ್ತಾಳೆ. ಅಳಿಲುಗಳ ಜೊತೆ ಮಾತಾಡುತ್ತಾಳೆ. ಟಿಪ್ಪಿ ಟೋ ಎಂಬ ಅಳಿಲು ಅವಳ ಬಲಗೈ. ಹಾಸ್ಟೆಲ್ಲಿನ ರೂಮಿನಲ್ಲಿ ನ್ಯಾನ್ಸಿ ಎಂಬ ಗೆಳತಿ. ಅವಳಿಗೆ ಶಕ್ತಿಯೂ ಇಲ್ಲ, ಬಾಲವೂ ಇಲ್ಲ, ತಲೆ ಮಾತ್ರ ಇದೆ. ಎಷ್ಟೋ ಕಡೆ ಕೆಲಸ ಸಾಗುವುದು ಈ ತಲೆಯಿಂದಲೇ ಎಂದು ನನಗೆ ಅನುಮಾನ.

ಡೋರೀನಳನ್ನು 1990ರ ದಶಕದ ಶುರುವಿನಲ್ಲಿ ಹುಟ್ಟಿಸಿದವರು ಕಥೆಗಾರ ವಿಲ್ ಮರ್ರೆ, ಚಿತ್ರಕಾರ ಸ್ಟೀವ್ ಡಿಟ್ಕೊ. ಸ್ಪೈಡರ್‌ಮ್ಯಾನ್‌ನನ್ನು ಮೊದಲು ಚಿತ್ರಿಸಿದ ಡಿಟ್ಕೊನೇ ಇವನು. ಮೊದಲ ಕಥೆಯಲ್ಲೇ ಹದಿನಾಲ್ಕರ ಈ ಪೋರಿ, ಐರನ್ ಮ್ಯಾನ್‌ನನ್ನು ಹಿಡಿದಿಟ್ಟ ಡಾಕ್ಟರ್ ಡೂಮ್ ಎಂಬ ಮಹಾ ಖಳನ ಮೇಲೆ ಅಳಿಲುಗಳ ದಂಡು ಬಿಟ್ಟು ಗೆದ್ದಳು. ಆಮೇಲೆ ಬಹಳ ಕಾಲ ಆಗೊಮ್ಮೆ ಈಗೊಮ್ಮೆ ತಮಾಷೆಯ ವೇಷವಾಗಿ ಬಂದುಹೋದಳು. ಅವಳ ಹೆಸರಿನದೇ ಮಾಲಿಕೆ 2015ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಬರೆದವನು ಕೆನಡಾದ ರಯಾನ್ ನಾರ್ತ್, ಹೆಚ್ಚು ಸಂಚಿಕೆಗಳಿಗೆ ಚಿತ್ರ ಬರೆದವಳು ಎರಿಕಾ ಹೆಂಡರ್ಸನ್.

*

ನನಗೆ ನಿಜವಾಗಿ ಗೊಂದಲ ಹುಟ್ಟಿಸುವುದು ಈ ಕಾಮಿಕ್ಸಿನ ಹೊಡೆದಾಟ. ಇದೆ, ಆದರೆ ಪೂರ್ತಿಯಾಗುವುದಿಲ್ಲ. ಅಳಿಲುಗಳ ಮೇಲೆ ಕಣ್ಣು ಹಾಕಿದ ಕ್ರೇವನ್ ಎಂಬ ಬೇಟೆಗಾರನ ಜೊತೆ ನಾಲ್ಕು ಏಟಿನ ವ್ಯವಹಾರ ಆಗುತ್ತಿದ್ದಂತೆ ಹುಡುಗಿ ಅವನನ್ನೇ ವಿಚಾರಿಸುತ್ತಾಳೆ: ನಿನ್ನ ಕಷ್ಟ ಏನು? ಅವನಿಗೆ ತನ್ನ ಅಂತಸ್ತಿಗೆ ತಕ್ಕ ಬೇಟೆ ಸಿಗುತ್ತಿಲ್ಲ. ಹಾಗಾದರೆ ಸಮುದ್ರದಡಿಯ ದೈತ್ಯಪ್ರಾಣಿಗಳ ಬೆನ್ನು ಹತ್ತು ಎಂದು ದಾರಿ ತೋರಿಸಿ ಕಳಿಸುತ್ತಾಳೆ. ಅವನು ಹೋಗಿಯೂ ಬಿಡುತ್ತಾನೆ!

ಮುಂದೆ ಗ್ಯಾಲಕ್ಟಸ್ ಬರುತ್ತಾನೆ. ಗ್ರಹಗಳನ್ನೇ ನುಂಗುವವನು, ಈಗ ಭೂಮಿಯ ಸರದಿ. ಹುಡುಗಿ ಚಂದ್ರನವರೆಗೆ ಹೋಗಿ ಅವನನ್ನು ಮಾತಿಗೆಳೆಯುತ್ತಾಳೆ. ಅವನಿಗಿರುವುದು ಹಸಿವು, ದ್ವೇಷವಲ್ಲ. ಕೊನೆಗೆ ಜನವಸತಿ ಇಲ್ಲದ, ಬರೀ ಕಾಯಿಬೀಜಗಳೇ ತುಂಬಿದ ಗ್ರಹವೊಂದು ಸಿಕ್ಕಿ ಅವನ ಹೊಟ್ಟೆ ತಣ್ಣಗಾಗುತ್ತದೆ.

ಓದಿ ಹೇಳುತ್ತಿದ್ದ ಮೊಮ್ಮಗಳನ್ನು ಕೇಳಿದೆ, “ಆ ಗ್ರಹದ ಕಾಯಿ ಯಾರದು ಪುಟ್ಟಿ?”

“ಯಾರದೂ ಅಲ್ಲ ತಾತ.”

ಯಾರದೂ ಅಲ್ಲದ ಕಾಯಿ! ಕಡೂರು ತಾಲ್ಲೂಕಿನಲ್ಲಿ ಕೊಳವೆಬಾವಿ ಕೊರೆಸಿ ಗರಿ ಹಸಿರಾಗಿಟ್ಟುಕೊಂಡವರಿಗೆ ಈ ಮಾತು ದಕ್ಕುವುದು ಕಷ್ಟ. ಆದರೂ ಉಪಾಯ ಕೆಟ್ಟದ್ದೆನ್ನಲಾರೆ. ಬದುವಿನ ಜಗಳಕ್ಕೆ ಕೂತ ಪಂಚಾಯಿತಿಗಳಲ್ಲಿ “ನಿನಗೇನು ಬೇಕು, ಅದನ್ನು ಮೊದಲು ಹೇಳು” ಎಂದು ಕೇಳಿದವರು ಕಡಿಮೆ. ಯಾರ ತಪ್ಪು ಎಂಬಲ್ಲೇ ಹೊತ್ತು ಮುಳುಗುತ್ತದೆ.

*

ನಮ್ಮ ಕಾಲದ ಚಿತ್ರಕಥೆಗಳೂ ನೆನಪಿಗೆ ಬಂದವು. ‘ಸುಧಾ’ದಲ್ಲಿ ಫ್ಯಾಂಟಮ್. ಮುಖ ನೋಡಿದರೆ ನಗು ಎಂಬುದನ್ನು ಕಂಡರಿಯದವನು. ಮನೆಯ ಹುಡುಗರು ‘ಬಾಲಮಂಗಳ’ದ ಡಿಂಗನಿಗೆ ಕಾಯುತ್ತಿದ್ದರು. ಡಿಂಗ ಇಲಿ, ಆದರೂ ಗಂಡು ಇಲಿ! ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಹೊರಟವು. ಇಂಗ್ಲಿಷಿನ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಅದಕ್ಕೇ. ಆ ಹತ್ತೂ ಹೊರಗಿನ ಕಥೆಗಳು, ಸಿಂಡರೆಲ್ಲಾ, ಸ್ನೋ ವೈಟ್, ಮಲಗಿದ ಸುಂದರಿ ಇತ್ಯಾದಿ. ಒಬ್ಬಳು ಚಪ್ಪಲಿ ಹಿಡಿದು ಬರುವವನಿಗಾಗಿ ಕಾದರೆ ಇಬ್ಬರು ಮಲಗಿಕೊಂಡೇ ಕಾದರು. ಡೋರೀನ್ ಯಾರಿಗೂ ಕಾಯುವುದಿಲ್ಲ. ಐರನ್ ಮ್ಯಾನ್‌ನ ಕವಚವನ್ನೇ ಕೇಳದೆ ಹಾಕಿಕೊಂಡು ಚಂದ್ರನಿಗೆ ಹೊರಡುತ್ತಾಳೆ. ಹೆಂಡರ್ಸನ್ ಅವಳನ್ನು ತೆಳ್ಳಗೆ ಬಳುಕುವಂತೆಯೂ ಬರೆದಿಲ್ಲ. ತೋಳು ತೊಡೆ ಗಟ್ಟಿಯಿರುವ, ತುಂಡುಗೂದಲಿನ, ಮುಂದಿನ ಹಲ್ಲು ಎದ್ದುಕಾಣುವ ಹುಡುಗಿ. ನಮ್ಮ ಹುಡುಗಿ ಆ ಚಿತ್ರಗಳನ್ನು ನಾಚಿಕೆಯಿಲ್ಲದೆ ಕನ್ನಡಿಯ ಪಕ್ಕ ಹಿಡಿದು ನೋಡುತ್ತಾಳೆ.

*

ಈ ಕಾಮಿಕ್ಸಿನ ಪುಟದ ತಳದಲ್ಲಿ ಮಾಸಲು ಬಣ್ಣದಲ್ಲಿ ಇರುವೆ ಸಾಲಿನಂಥ ಅಕ್ಷರ. ಲೇಖಕ ತನ್ನ ಕಥೆಗೇ ತಾನೇ ಪಕ್ಕದಲ್ಲಿ ಕೂತು ಕೊಂಕು ಮಾತಾಡುತ್ತಿರುತ್ತಾನೆ. ಯಕ್ಷಗಾನದ ಹಾಸ್ಯಗಾರ ನೆನಪಾದ. ಒಳ್ಳೆಯ ಜೋಕುಗಳೆಲ್ಲ ಅಲ್ಲೇ ಇವೆಯಂತೆ. ನನ್ನ ಕನ್ನಡಕಕ್ಕೆ ಅವು ನಿಲುಕುವುದಿಲ್ಲ. ಮೊಮ್ಮಗಳು ಒಬ್ಬಳೇ ನಗುತ್ತಾಳೆ, ನಾನು ಕೇಳುತ್ತೇನೆ, ವಿವರಿಸುವ ಹೊತ್ತಿಗೆ ಜೋಕು ಸತ್ತಿರುತ್ತದೆ.

*

ಒಂದು ಸಂಚಿಕೆಯಲ್ಲಿ ಬೆರಳೆಣಿಕೆಯ ಪಾಠವಿದೆ. ಹೆಬ್ಬೆರಳು 1, ತೋರುಬೆರಳು 2, ನಡುವಿನದು 4, ಉಂಗುರದ್ದು 8, ಕಿರುಬೆರಳು 16. ಎತ್ತಿದ ಬೆರಳುಗಳನ್ನು ಕೂಡಿಸಿದರೆ ಒಂದೇ ಕೈಯಲ್ಲಿ 31ರವರೆಗೆ ಎಣಿಸಬಹುದು, ಎರಡೂ ಕೈ ಸೇರಿದರೆ 1023. ಕಂಪ್ಯೂಟರಿನ ಲೆಕ್ಕ ಇದೇ ಎಂದಳು ಮೊಮ್ಮಗಳು. ಕಾಯಿ ಎಣಿಸುವಾಗ ನಾವು ನೂರಕ್ಕೊಂದು ಪಕ್ಕಕ್ಕಿಟ್ಟು ಲೆಕ್ಕ ಹಿಡಿಯುತ್ತೇವೆ, ಅದಕ್ಕಿಂತ ಇದು ಚುರುಕು. ಅಟ್ಟಕ್ಕೆ ಕಾಯಿ ಏರಿಸುವ ದಿನ ಆಳುಗಳ ಮುಂದೆ ಪ್ರಯೋಗ ಮಾಡಿದೆ. ಮೂರರವರೆಗೆ ಎಲ್ಲ ಸರಿಯಿತ್ತು. ನಾಲ್ಕಕ್ಕೆ ನಡುವಿನ ಬೆರಳೊಂದನ್ನೇ ಎತ್ತಿ ಹಿಡಿದೆ. ಮೊಮ್ಮಗಳು ಓಡಿಬಂದು ಕೈ ಮುಚ್ಚಿದಳು.

“ತಾತ, ನಾಲ್ಕು ಮಾತ್ರ ಬಾಯಲ್ಲೇ ಹೇಳು.”