ಅಲಗಿನ ಮೇಲಿನ ಬೆಳಕು

ಎಪ್ಪತ್ತರ ದಶಕದ ಕೊನೆಯಲ್ಲಿ ಹಾಸನದ ಸ್ಟುಡಿಯೋ ಒಂದಕ್ಕೆ ನಾನು ಕೆಲಸ ಕಲಿಯಲು ಸೇರಿದಾಗ ನಮ್ಮದು ಬರೀ ಮುಖಗಳ ಕಸುಬು. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ ಇಷ್ಟರಲ್ಲೇ ವರ್ಷ ಕಳೆಯುತ್ತಿತ್ತು. ವಸ್ತುಗಳ ಫೋಟೋ ಬೇಕೆಂದು ಬರುವವರು ಅಪರೂಪ. ಬಂದವರ ಕೈಯಲ್ಲಿ ಬೆಳ್ಳಿಯೋ ಉಕ್ಕೋ ಹೊಳೆಯುತ್ತಿದ್ದರಂತೂ ನಮ್ಮ ಯಜಮಾನರು, "ಬೆಂಗಳೂರಿಗೆ ತಗೊಂಡ್ಹೋಗಿ ಸಾರ್, ಅಲ್ಲಿ ದೊಡ್ಡ ಸ್ಟುಡಿಯೋಗಳವೆ" ಎಂದು ಕೈಮುಗಿದುಬಿಡುತ್ತಿದ್ದರು.

ಅವರಿಗೆ ಕೆಲಸ ಬರುತ್ತಿರಲಿಲ್ಲವೆಂದಲ್ಲ. ಆ ಕಾಲದ ಸಾಮಗ್ರಿಯೇ ಹಾಗಿತ್ತು. ಕಪ್ಪು-ಬಿಳುಪು ಫಿಲಂ ನಾವೇ ಡಾರ್ಕ್‌ರೂಮಿನಲ್ಲಿ ತೊಳೆಯುತ್ತಿದ್ದೆವು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲಮ್ಮಿನ ಡಬ್ಬಿಗಳು ಕಪಾಟಿನಲ್ಲಿ ಸದಾ ಇರುತ್ತಿದ್ದವು. ಕಲರ್ ರೋಲು ಮಾತ್ರ ಬೆಂಗಳೂರಿನ ಲ್ಯಾಬಿಗೆ ಹೋಗಿ ಬರಬೇಕು. 36 ಫ್ರೇಮು ಮುಗಿಯುವವರೆಗೆ ರೋಲನ್ನು ಕಳಿಸುವಂತೆಯೂ ಇಲ್ಲ. ಪ್ರಿಂಟು ಕೈಗೆ ಬರುವ ಹೊತ್ತಿಗೆ ಯಾವ ದೀಪ ಎಲ್ಲಿತ್ತು, ಎಷ್ಟು ದೂರದಲ್ಲಿತ್ತು ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ. ಬೆಳಕನ್ನು ಇಂಚಿಂಚು ಸರಿಸಿ ನೋಡಿ ಕಲಿಯಬೇಕಾದ ವಿದ್ಯೆ, ಸರಿಸಿದ್ದರ ಫಲ ವಾರಗಟ್ಟಲೆ ತಡವಾಗಿ ಕಂಡರೆ ದಕ್ಕುವುದಾದರೂ ಹೇಗೆ?

2003ರಲ್ಲಿ ನನ್ನ ಅಕ್ಕನ ಮಗ ಅಮೆರಿಕದಿಂದ ಬರುವಾಗ ನಿಕಾನ್ ಕೂಲ್‌ಪಿಕ್ಸ್ 4500 ತಂದುಕೊಟ್ಟ. ಆಗ ನನ್ನದೇ ಸ್ಟುಡಿಯೋ ಇತ್ತು. ನಾಲ್ಕು ಮೆಗಾಪಿಕ್ಸೆಲ್‌ನ ಆ ಕ್ಯಾಮೆರಾದ ಮೈ ಎರಡು ಭಾಗವಾಗಿ ತಿರುಗುತ್ತಿತ್ತು. ಲೆನ್ಸು ಕೆಳಗೆ ನೋಡುತ್ತಿದ್ದರೂ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಎರಡು ಸೆಂಟಿಮೀಟರ್ ಹತ್ತಿರಕ್ಕೆ ಹೋದರೂ ಫೋಕಸ್ ಕೂಡುತ್ತಿತ್ತು. ಮದುವೆ ಮನೆಗೆ ಅದು ಅಷ್ಟೇನೂ ಒಗ್ಗಲಿಲ್ಲ. ಮೇಜಿನ ಮೇಲಿಟ್ಟ ಸಣ್ಣ ವಸ್ತುಗಳಿಗೆ ಮಾತ್ರ ಹೇಳಿ ಮಾಡಿಸಿದಂತಿತ್ತು.

ನಮ್ಮ ಪಕ್ಕದ್ದೇ ಕ್ಷೌರದಂಗಡಿ. ಅದನ್ನು ನಡೆಸುತ್ತಿದ್ದ ಹಿರಿಯರನ್ನು ಬೀದಿಯವರೆಲ್ಲ ತಾತ ಎನ್ನುತ್ತಿದ್ದೆವು. ಅವರ ತಂದೆ ಹಳ್ಳಿಯಲ್ಲಿ ಆಯಗಾರರಾಗಿದ್ದವರು. ಮನೆಮನೆಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣದಲ್ಲಿ ರಾಗಿ ಅಳೆಸಿಕೊಂಡು ಬದುಕಿದವರು. ತಂದೆಯ ಹಡಪವನ್ನು, ಅಂದರೆ ಕ್ಷೌರದ ಸಾಮಾನಿನ ಚೀಲವನ್ನು, ತಾತ ಜೋಪಾನವಾಗಿ ಇಟ್ಟುಕೊಂಡಿದ್ದರು. ಮಡಚುವ ಎರಡು ಕತ್ತಿ, ಸಾಣೆಕಲ್ಲು, ಅಲಗು ತೀಡುವ ಚರ್ಮದ ಪಟ್ಟಿ, ಕೋಡಿನ ಬಾಚಣಿಗೆ, ಉಗುರು ತೆಗೆಯುವ ಉಳಿ, ಹಿತ್ತಾಳೆ ಬಟ್ಟಲು, ಒಂದು ಪಟಿಕದ ತುಂಡು. ಆ ಹೊತ್ತಿಗಾಗಲೇ ಅವರ ಅಂಗಡಿಯಲ್ಲೂ ಹಳೆಯ ಕತ್ತಿ ಮೂಲೆಗೆ ಸೇರಿತ್ತು. ತೊಂಬತ್ತರ ದಶಕದಲ್ಲಿ ಎಚ್‌ಐವಿ ಬಗ್ಗೆ ಎಚ್ಚರಿಕೆ ಹರಡಿದ ಮೇಲೆ, ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸುವುದು ವಾಡಿಕೆಯಾಗಿತ್ತು. ಅದು ಒಳ್ಳೆಯದೇ ಆಯಿತು. ಆದರೆ ತಲೆಮಾರುಗಳ ಕೈ ಸವರಿದ ಆ ಉಕ್ಕನ್ನು ಯಾರಾದರೂ ದಾಖಲಿಸಬೇಕಿತ್ತು. ನಾನು ಕೇಳಿದೆ, ತಾತ ಹಡಪ ಬಿಚ್ಚಿದರು.

ಕತ್ತಿಗಳಲ್ಲಿ ಒಂದರ ಮೇಲೆ ಜರ್ಮನಿಯ ಜೋಲಿಂಗೆನ್ ಊರಿನ ಮುದ್ರೆಯಿತ್ತು. ಕತ್ತಿ-ಚಾಕುಗಳಿಗೆ ಹೆಸರಾದ ಆ ಊರಿನ ಹೆಸರನ್ನು ಬೇರೆಡೆಯ ಮಾಲಿನ ಮೇಲೆ ಹಾಕದಂತೆ 1938ರಲ್ಲೇ ಅಲ್ಲಿ ಕಾನೂನು ಬಂದಿದೆ. ಇಂಥ ಕತ್ತಿಯ ಎರಡು ಮಗ್ಗುಲನ್ನೂ ಒಳಕ್ಕೆ ಬಾಗುವಂತೆ ಅರೆದಿರುತ್ತಾರೆ. ಬೆನ್ನು ದಪ್ಪ, ಅಲಗು ಕಾಗದದಷ್ಟು ತೆಳು. ಫೋಟೋದವನಿಗೆ ಕಷ್ಟ ಕೊಡುವುದು ಆ ಬಾಗೇ. ನಯಗೊಳಿಸಿದ ಉಕ್ಕಿಗೆ ತನ್ನದೆಂಬ ಬಣ್ಣವಿಲ್ಲ, ಎದುರಿಗಿದ್ದುದನ್ನು ತೋರಿಸುತ್ತದೆ. ಚಪ್ಪಟೆ ಉಕ್ಕು ಒಂದು ದಿಕ್ಕನ್ನಷ್ಟೇ ತೋರಿಸಿದರೆ, ಬಾಗಿದ ಉಕ್ಕು ಚಾವಣಿಯ ತೊಲೆ, ಕಿಟಕಿಯ ಸರಳು, ಕ್ಯಾಮೆರಾ, ಹಿಂದೆ ನಿಂತ ಮನುಷ್ಯ ಎಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಹೊಳೆಯುವ ವಸ್ತುವಿನ ಫೋಟೋ ಎಂದರೆ ಅದರ ಸುತ್ತ ಏನಿರಬೇಕು ಎಂಬುದರ ಏರ್ಪಾಟು.

ಡಿಜಿಟಲ್ ಕ್ಯಾಮೆರಾ ಇದನ್ನು ಕಣ್ಣೆದುರೇ ಕಲಿಸಿತು. ಕತ್ತಿಯ ಮೂರು ಕಡೆಗೆ ಥರ್ಮೋಕೋಲ್ ಹಾಳೆ ನಿಲ್ಲಿಸಿದೆ, ಮೇಲೆ ಬಿಳಿ ಪಂಚೆ ಕಟ್ಟಿದೆ. ಬೆಳಕು ಪಂಚೆಯಿಂದ ಸೋಸಿ ಬಂತು, ಕೋಣೆ ಮಾಯವಾಯಿತು, ಉಕ್ಕು ತಂಪಾಗಿ ಬೆಳಗಿತು. ಪರದೆಯ ಮೇಲೆ ಬಂದ ಚಿತ್ರವನ್ನು ತಾತನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲಾ ಚೆಂದಾಗೈತೆ ಕಣಪ್ಪ. ಬಾಯೇ ಕಾಣಕ್ಕಿಲ್ವಲ್ಲ. ಬಾಯಿ ಕಾಣ್ದಿದ್ಮೇಲೆ ಅದು ಕತ್ತಿ ಹೆಂಗಾದಾತು?"

ಅವರ ಮಾತು ಕಸುಬಿನವನ ಮಾತು. ಎಲ್ಲ ಕಡೆ ಬಿಳುಪೇ ಇದ್ದರೆ ಮಗ್ಗುಲೂ ಬಿಳುಪು, ಅಲಗೂ ಬಿಳುಪು. ಒಂದನ್ನೊಂದು ಬೇರೆ ಮಾಡುವ ಗೆರೆಯೇ ಇಲ್ಲ. ಒಂದು ಕಡೆಯ ಥರ್ಮೋಕೋಲ್ ತೆಗೆದು, ಆ ಜಾಗದಲ್ಲಿ ಫಿಲಂ ಪೆಟ್ಟಿಗೆಯ ಕಪ್ಪು ರಟ್ಟು ನಿಲ್ಲಿಸಿದೆ. ಮಗ್ಗುಲು ಕಪ್ಪಾಯಿತು. ಸಾಣೆ ಹಿಡಿದ ಅಲಗಿನ ಕೋನ ಮಗ್ಗುಲಿನ ಕೋನಕ್ಕಿಂತ ತುಸು ಬೇರೆ, ಅದಕ್ಕೆ ಪಂಚೆಯ ಬಿಳುಪು ಇನ್ನೂ ಸಿಗುತ್ತಿತ್ತು. ರಟ್ಟನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ, ಪ್ರತಿ ಸಲವೂ ಪರದೆ ನೋಡುತ್ತಾ ಹೋದಾಗ, ಹಿಡಿಯ ಬುಡದಿಂದ ತುದಿಯವರೆಗೆ ಒಂದೇ ಒಂದು ಬೆಳ್ಳನೆಯ ಗೆರೆ ಎದ್ದು ನಿಂತಿತು. ಅದರ ನಡುವೆ ಅಲಗು ಸವೆದು ಸ್ವಲ್ಪ ಒಳಗೆ ಹೋದದ್ದೂ ಕಾಣಿಸಿತು. "ಅಪ್ಪ ಕಲ್ಲಿಗೆ ಕೊಡ್ತಿದ್ದ ಜಾಗ ಅದೇಯ" ಎಂದರು ತಾತ. ರೋಲು ತೊಳೆಸಿ ಕಾಯುವ ಕಾಲದಲ್ಲಿ ಆ ಗೆರೆ ಹಾಸನದಲ್ಲಿ ಯಾರಿಗೂ ಸಿಗುತ್ತಿರಲಿಲ್ಲ.

ಉಳಿದವೂ ಹೀಗೇ ಒಂದೊಂದಾಗಿ ಕೈಹತ್ತಿದವು. ಹಗಲು ಬೆಳಕಿನ ಫಿಲಂ ಹಾಕಿ ಬಲ್ಬಿನ ಕೆಳಗೆ ತೆಗೆದರೆ ಎಲ್ಲ ಹಳದಿ, ಟ್ಯೂಬ್‌ಲೈಟಿನ ಕೆಳಗೆ ಹಸಿರು. ಈಗ ಬಿಳಿ ಕಾಗದ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಹಿತ್ತಾಳೆ ಹಿತ್ತಾಳೆಯಾಗಿ, ಕೋಡು ಕೋಡಾಗಿ ಬರುತ್ತದೆ. ಬಿಳಿ ಹಾಳೆಯ ಮೇಲಿಟ್ಟು ತೆಗೆದರೆ ಹಾಳೆ ಬೂದಿಬಣ್ಣಕ್ಕೆ ತಿರುಗುವುದು ಮೀಟರಿನ ಸ್ವಭಾವ. ಎದುರಿಗಿರುವುದನ್ನೆಲ್ಲ ಅದು ಮಧ್ಯಮ ಬೂದು ಎಂದೇ ಎಣಿಸುತ್ತದೆ. ಅದಕ್ಕೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಬೇಕು, ಕಪ್ಪು ಬಟ್ಟೆಯ ಮೇಲಾದರೆ ಇಳಿಸಬೇಕು. ಕೋಡಿನ ಬಾಚಣಿಗೆಗೆ ಹಿಂದಿನಿಂದ ಬೆಳಕು ಬಿಟ್ಟರೆ ಅದರೊಳಗಿನ ಜೇನುಬಣ್ಣದ ಎಳೆಗಳು ಕಾಣುತ್ತವೆ. ಶೇವಿಂಗ್ ಬ್ರಷ್ಷಿಗೆ ಪಕ್ಕದ ಬೆಳಕೇ ಆಗಬೇಕು, ಆಗಲೇ ಕೂದಲು ಕೂದಲಾಗಿ ಬಿಡಿಸಿಕೊಳ್ಳುವುದು. ಹತ್ತಿರದ ಫೋಟೋದಲ್ಲಿ ಬೆರಳು ಒತ್ತಿದ ಅದುರೂ ತಟ್ಟುತ್ತದೆ. ಸ್ಟ್ಯಾಂಡಿನ ಮೇಲಿಟ್ಟು ಸೆಲ್ಫ್ ಟೈಮರ್ ಹಾಕಿದರೆ ಆ ತಾಪತ್ರಯವಿಲ್ಲ.

ಸುದ್ದಿ ಹರಡಿ, ಊರಿನವರು ತಂತಮ್ಮ ಮನೆಯ ಸಾಮಾನು ತರತೊಡಗಿದರು. ನಿವೃತ್ತ ಇಂಜಿನಿಯರೊಬ್ಬರು, ಅಮೆರಿಕದಲ್ಲಿ ಓದಿ ಬಂದಿದ್ದ ತಮ್ಮ ತಂದೆಯ ಜಿಲೆಟ್ ರೇಜರ್ ತಂದರು. ಕಿಂಗ್ ಜಿಲೆಟ್ ಎಂಬಾತ 1904ರಲ್ಲಿ ಪೇಟೆಂಟ್ ಪಡೆದ, ಬ್ಲೇಡು ಬದಲಿಸುವ ರೇಜರಿನ ಸಂತತಿ ಅದು. ತಾತನ ಕಸುಬು ಮನೆಮನೆಯ ಬಚ್ಚಲಿಗೆ ಹೋಗಿದ್ದು ಅಂಥ ರೇಜರುಗಳ ಕಾಲದಲ್ಲೇ. ತಿರುಪು ತಿರುಗಿಸಿದರೆ ಮೇಲಿನ ಎರಡು ರೆಕ್ಕೆ ತೆರೆದುಕೊಳ್ಳುತ್ತಿದ್ದವು. ತಲೆಯ ಅಡಿಯನ್ನು ಮ್ಯಾಕ್ರೋದಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ, ಬರಿಗಣ್ಣಿಗೆ ಗೀರಿನಂತೆ ಕಂಡದ್ದು ಒಂದು ಸಿ ಅಕ್ಷರ, ಒಂದು 3 ಆಗಿ ತಿಳಿಯಾಯಿತು. ಆ ಕಂಪನಿಯ ಅಮೆರಿಕದ ಕಾರ್ಖಾನೆಯ ಲೆಕ್ಕದಲ್ಲಿ ಅದು 1957ರ ಮೂರನೇ ತ್ರೈಮಾಸಿಕದ ಮಾಲು. "ಅಪ್ಪ ಅಲ್ಲಿದ್ದ ವರ್ಷವೇ ಅದು" ಎಂದು ಆ ಹಿರಿಯರು ಕಣ್ಣೊರೆಸಿಕೊಂಡರು.

ಇದೇ ಡಿಜಿಟಲ್ ತಂತ್ರಜ್ಞಾನ ನಮ್ಮ ಹೊಟ್ಟೆಯ ಮೇಲೂ ಹೊಡೆಯಿತು ಎಂಬುದು ನಿಜ. 1975ರಲ್ಲಿ ಕೊಡಕ್ ಕಂಪನಿಯೊಳಗೇ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ; ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. 2012ರ ಜನವರಿಯಲ್ಲಿ ಅದೇ ಕೊಡಕ್ ದಿವಾಳಿತನದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ನಮ್ಮ ಬೀದಿಯ ಡಾರ್ಕ್‌ರೂಮುಗಳು ಜೆರಾಕ್ಸ್ ಅಂಗಡಿಗಳಾದವು. ಫೋಟೋ ತಿದ್ದುವ ಟಚಿಂಗ್ ಮಾಡುತ್ತಿದ್ದ ನುರಿತ ಕೈಗಳು ಬೇರೆ ಕೆಲಸ ಹುಡುಕಿಕೊಂಡವು. ಆ ನಷ್ಟ ಸಣ್ಣದಲ್ಲ. ಆದರೂ ಬೆಂಗಳೂರಿನ ದೊಡ್ಡ ಸ್ಟುಡಿಯೋಗಳ ಸೊತ್ತಾಗಿದ್ದ ವಿದ್ಯೆ ಒಂದು ಪಂಚೆ, ಒಂದು ರಟ್ಟು ಇದ್ದವರಿಗೆಲ್ಲ ತೆರೆದುಕೊಂಡಿತು. ಆ ಲಾಭ ದೊಡ್ಡದು ಎಂದೇ ನಾನು ನಂಬಿದ್ದೇನೆ.

ತಾತ ಈಗಿಲ್ಲ. ಅಂಗಡಿಯನ್ನು ಮೊಮ್ಮಗ ನಡೆಸುತ್ತಿದ್ದಾನೆ, ಹಡಪ ಅವನ ಮನೆಯಲ್ಲಿದೆ. ಎಲ್ಲ ಮನೆಗಳ ಕಥೆ ಹಾಗಿಲ್ಲ. ಅಜ್ಜನ ರೇಜರು, ಅಜ್ಜಿಯ ಬಾಚಣಿಗೆ, ಹಡಪದ ಕತ್ತಿಗಳು ದಿನವೂ ಗುಜರಿಗೆ ಹೋಗುತ್ತಿವೆ. ನಿಮ್ಮ ಜೇಬಿನಲ್ಲಿರುವ ಫೋನು ನನ್ನ ಆ ಕ್ಯಾಮೆರಾಕ್ಕಿಂತ ಎಷ್ಟೋ ಪಾಲು ಮೇಲು. ಬರುವ ಭಾನುವಾರ ಕಿಟಕಿಯ ಪಕ್ಕ ಒಂದು ಬಿಳಿ ಬಟ್ಟೆ ಕಟ್ಟಿ, ಮನೆಯ ಹಳೆಯ ವಸ್ತುಗಳನ್ನು ಒಂದೊಂದಾಗಿ ಇಟ್ಟು ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಮುದ್ರೆ ಇರುವ ಜಾಗವನ್ನು ಬೇರೆಯಾಗಿ ಹತ್ತಿರದಿಂದ ತೆಗೆಯಿರಿ, ಯಾರದು, ಯಾವ ಊರಿನದು ಎಂದು ಬರೆದಿಟ್ಟು ಎರಡು ಕಡೆ ಉಳಿಸಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.