ಕೋಟೆ ಬಿದ್ದಲ್ಲಿ ಎದ್ದ ರಾಜಬೀದಿ

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾದಲ್ಲಿ ಹಳೆಯ ಊರನ್ನು ಬಳಸಿಕೊಂಡಿರುವ ವಿಶಾಲವಾದ ಬೀದಿಗೆ ರಿಂಗ್‌ಸ್ಟ್ರಾಸೆ, ಎಂದರೆ ಉಂಗುರಬೀದಿ, ಎಂದು ಹೆಸರು. 1683ರಲ್ಲಿ ತುರ್ಕರ ಮುತ್ತಿಗೆಯನ್ನು ತಡೆದ ಕೋಟೆಗೋಡೆ ಹಿಂದೆ ಈ ನೆಲೆಯಲ್ಲಿತ್ತು. ಕಾಲ ಬದಲಾಗಿ ಗೋಡೆ ನಿರುಪಯುಕ್ತವಾಗಲು, ಚಕ್ರವರ್ತಿ ಫ್ರಾಂಜ್ ಜೋಸೆಫನು 1857ರ ಡಿಸೆಂಬರಿನಲ್ಲಿ ಅದನ್ನು ಕೆಡವಲು ಅಪ್ಪಣೆಯಿತ್ತನು. ಕೋಟೆಯ ಹೊರಗಿನ ಬಯಲನ್ನು ನಿವೇಶನಗಳಾಗಿ ಸಿರಿವಂತರಿಗೆ ಮಾರಿ, ಬಂದ ಹಣದಿಂದ ಸಾರ್ವಜನಿಕ ಸೌಧಗಳನ್ನು ಎಬ್ಬಿಸಿದರು. 1865ರ ಮೇ 1ರಂದು ಬೀದಿಯ ಉದ್ಘಾಟನೆಯಾಯಿತು. ದಾನ್ಯೂಬ್ ಕಾಲುವೆಯ ದಂಡೆಯಿಂದ ಹೊರಟು ಮತ್ತೆ ಆ ದಂಡೆಯನ್ನೇ ಸೇರುವ ಈ ಬೀದಿಯನ್ನು ಟ್ರಾಮಿನಲ್ಲಿ ಕುಳಿತೂ ನೋಡಬಹುದು; ನಡೆದು ನೋಡುವುದೇ ಲೇಸು.

ಇಲ್ಲಿನ ವಾಸ್ತುಶಿಲ್ಪಿಗಳು ಒಂದೊಂದು ಕಟ್ಟಡಕ್ಕೆ ಒಂದೊಂದು ಕಾಲದ ಉಡುಗೆ ತೊಡಿಸಿದ್ದಾರೆ. ಫ್ರೀಡ್ರಿಖ್ ಷ್ಮಿಟ್ಟನು ನಗರಸಭಾ ಭವನಕ್ಕೆ ಗಾಥಿಕ್ ಗೋಪುರಗಳನ್ನು ಕೊಟ್ಟನು. ಮಧ್ಯಯುಗದ ಸ್ವತಂತ್ರ ಪಟ್ಟಣಗಳ ನೆನಪು ಅದು. ಫೆರ್ಸ್ಟೆಲನು ವಿಶ್ವವಿದ್ಯಾನಿಲಯಕ್ಕೆ ವಿದ್ಯೆ ಮರುಹುಟ್ಟು ಪಡೆದ ರಿನೈಸಾನ್ಸ್ ಕಾಲದ ಶೈಲಿಯನ್ನು ಆರಿಸಿದನು. ಏಥೆನ್ಸಿನಲ್ಲಿ ಹಲವು ವರ್ಷ ನೆಲಸಿದ್ದ ಹಾನ್ಸೆನನು ಸಂಸತ್ ಭವನದ ಮುಂದೆ ಗ್ರೀಕ್ ದೇಗುಲದ ಕಂಬಸಾಲನ್ನು ನಿಲ್ಲಿಸಿದನು. ಪ್ರಜಾಪ್ರಭುತ್ವದ ತವರು ಗ್ರೀಸಲ್ಲವೆ?

ಸಾಮ್ರಾಜ್ಯದಲ್ಲಿ ಜರ್ಮನ್, ಚೆಕ್, ಪೋಲಿಷ್, ಇಟಾಲಿಯನ್ ಮೊದಲಾದ ಅನೇಕ ನುಡಿಗಳಿದ್ದವು. ಸದಸ್ಯನಾದವನು ಸಭೆಯಲ್ಲಿ ತನ್ನ ತಾಯ್ನುಡಿಯನ್ನು ಆಡಬಹುದಿತ್ತು, ಆದರೆ ಭಾಷಾಂತರಿಸುವವರಿರಲಿಲ್ಲ. ಜರ್ಮನೇತರ ಭಾಷಣಗಳು ಬಹುಕಾಲ ಕಲಾಪದ ವರದಿಯನ್ನೂ ಸೇರಲಿಲ್ಲ. 1897ರಲ್ಲಿ, ಬೊಹೀಮಿಯದ ಅಧಿಕಾರಿಗಳು ಜರ್ಮನ್, ಚೆಕ್ ಎರಡನ್ನೂ ಅರಿತಿರಬೇಕೆಂದು ಪ್ರಧಾನಿ ಬಡೇನಿ ಆಜ್ಞೆ ಹೊರಡಿಸಿದನು. ಜರ್ಮನ್ ಸದಸ್ಯರು ಸಿಡಿದೆದ್ದರು. ಸಭಾಂಗಣಕ್ಕೆ ಪೋಲೀಸರು ನುಗ್ಗಿದರು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಆ ಕೋಲಾಹಲವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅದೇ ವರ್ಷ ಬಡೇನಿಯ ಅಧಿಕಾರ ಹೋಯಿತು.

ನಗರದ ದಕ್ಷಿಣಕ್ಕೆ ವೀನರ್‌ಬರ್ಗ್ ಎಂಬ ಗುಡ್ಡವಿದೆ. ಈ ಬೀದಿಯ ಸೌಧಗಳಿಗಾಗಿ ಅಲ್ಲಿ ಇಟ್ಟಿಗೆ ಸುಟ್ಟವರಲ್ಲಿ ಬಹುಮಂದಿ ಬೊಹೀಮಿಯ, ಮೊರಾವಿಯಗಳಿಂದ ಬಂದ ಚೆಕ್ ನುಡಿಯ ಬಡವರು. ಅವರ ಇಟ್ಟಿಗೆಗೆ ದೊರೆತ ಸ್ಥಾನ ಅವರ ಮಾತಿಗೆ ದೊರೆಯಲಿಲ್ಲ. ಗಡಿನಾಡಿನಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1918ರಲ್ಲಿ ಸಾಮ್ರಾಜ್ಯ ಒಡೆದು ಹಲವು ನಾಡುಗಳಾಯಿತು. ಆ ವರ್ಷದ ನವೆಂಬರ್ 12ರಂದು ಇದೇ ಭವನದ ಮುಂದೆ ಗಣರಾಜ್ಯದ ಘೋಷಣೆಯಾಯಿತು. ಅಲ್ಲಿ ಜ್ಞಾನದೇವತೆ ಅಥೀನಾಳ ಎತ್ತರವಾದ ಮೂರ್ತಿಯಿದೆ. ಅವಳ ಮುಖ ಬೀದಿಯ ಕಡೆಗೆ, ಬೆನ್ನು ಸಭೆಯ ಕಡೆಗೆ. ಜ್ಞಾನ ಹೊರಗೇ ಉಳಿಯಿತೆಂದು ಊರವರು ನಗೆಯಾಡುವುದುಂಟು. ಆ ನಗೆಯೊಳಗೆ ನೋವೂ ಇದೆ.